ನೋಂಬು ಹಿಡಿದು ಬಂದ ಡೈವರ್

ಬೋಟಿನ ಮೇಲೆ ನನ್ನ ಕೆಲಸ ದೊಡ್ಡದೇನಲ್ಲ. ಎಷ್ಟು ಜನ ನೀರಿಗಿಳಿದರೋ ಅಷ್ಟೇ ಜನ ಮೇಲೆ ಬಂದರಾ ಎಂದು ನೋಡುವುದು. ಒಂದು ಹಲಗೆ, ಅದರಲ್ಲಿ ಮೊಳೆಗಳ ಸಾಲು, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ. ಇಳಿಯುವವರು ನನ್ನ ಕೈಯಿಂದ ಬಿಲ್ಲೆ ತೆಗೆದುಕೊಂಡು ಜಾಕೆಟ್ಟಿಗೆ ಸಿಕ್ಕಿಸಿಕೊಳ್ಳಬೇಕು, ಬಂದ ಮೇಲೆ ನನ್ನ ಕೈಗೇ ಕೊಡಬೇಕು. ಮೊಳೆ ಖಾಲಿ ಇದ್ದರೆ ಒಬ್ಬ ಮನುಷ್ಯ ನೀರಿನಡಿ ಇದ್ದಾನೆಂದು ಅರ್ಥ. ಅದಲ್ಲದೆ ಆಕ್ಸಿಜನ್ ಸಿಲಿಂಡರ್, ಫಸ್ಟ್ ಏಡ್ ಬಾಕ್ಸ್, ಮತ್ತು ಒಂದು ಚೆಕ್‌ಲಿಸ್ಟ್. ನಿದ್ದೆ ಆಯಿತಾ, ಕಿವಿ ಸರಿ ಇದೆಯಾ, ಮಾತ್ರೆ ಏನಾದರೂ ತೆಗೆದುಕೊಂಡಿದ್ದೀರಾ, ನೀರು ಕುಡಿದಿರಾ. ಪ್ರತಿಯೊಂದಕ್ಕೂ ಒಂದು ಟಿಕ್. ಟಿಕ್ ನೀಟಾಗಿ ಹಾಕುವುದನ್ನು ನನಗೆ ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿಸಿದ್ದರು. ಗೆರೆಯ ಹೊರಗೆ ಹೋದರೆ ಬೆರಳಿಗೆ ಸ್ಕೇಲಿನ ಏಟು. ಅರವತ್ತೆಂಟಕ್ಕೂ ನನ್ನ ಟಿಕ್ ಗೆರೆ ದಾಟುವುದಿಲ್ಲ. ಆದರೆ ನೀಟಾಗಿ ಹಾಕಿದ ಟಿಕ್ಕೆಲ್ಲ ಸತ್ಯವಾಗಿರಬೇಕೆಂದಿಲ್ಲ ಎಂದು ನಾನು ಕಲಿತದ್ದು ಆ ಗುರುವಾರ.

ನರ್ಸ್ ಕೆಲಸದಿಂದ ರಿಟೈರ್ ಆಗಿ, ಇಲ್ಲಿ ಗಲ್ಫಿನಲ್ಲಿ, ಅಲ್ ಹಿಲಾಲಿನ ಮಗಳ ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಡೈವಿಂಗ್ ಸೆಂಟರಿಗೆ ಸೇರಿದವಳು ನಾನು. ಅಲ್ಲಿಗೆ ವಾರಕ್ಕೊಮ್ಮೆ ನೀರಿನ ಬಾಟಲಿಗಳ ಕೇಸು ತಂದಿಳಿಸುತ್ತಿದ್ದವರು ಅಲ್ ಮನ್ಸೂರಾದಲ್ಲಿ ಬಖಾಲಾ, ಅಂದರೆ ಸಣ್ಣ ದಿನಸಿ ಅಂಗಡಿ, ಇಟ್ಟಿದ್ದ ನಮ್ಮ ಕರಾವಳಿ ಕಡೆಯ ಬ್ಯಾರಿ ಮುಸ್ಲಿಮರೊಬ್ಬರು. ಐವತ್ತೆಂಟು ವಯಸ್ಸು, ಗಟ್ಟಿ ಆಳು. ನನ್ನ ಮನೆಮಾತು ಕೊಂಕಣಿ, ಅವರದು ಬ್ಯಾರಿ, ನಮ್ಮ ನಡುವೆ ಕನ್ನಡ. ನಾನು ಅವರನ್ನು ಸಾಹೇಬ್ರೇ ಅನ್ನುತ್ತಿದ್ದೆ. ಅವರಿಗೆ ನಾನು, ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಊರಿನ ರೀತಿಯಲ್ಲಿ, ಬಾಯಮ್ಮ.

ಒಂದು ದಿನ ಅವರು ಕೇಸು ಇಳಿಸಿ ಗೋಡೆಯ ಮೇಲಿನ ಫೋಟೋ ಒಂದರ ಮುಂದೆ ನಿಂತವರು ಅಲ್ಲೇ ನಿಂತುಬಿಟ್ಟರು. ಒಂದು ಸಣ್ಣ ದ್ವೀಪದ ಪಕ್ಕ ಹದಿನೆಂಟು ಮೀಟರ್ ಆಳದಲ್ಲಿ ಬಿದ್ದಿರುವ ಸಪ್ಲೈ ಬೋಟಿನ ಮೂತಿ. ಹಾಯುವ ಮೀನು, ಪಾಚಿ, ಅದರ ನಡುವೆ ಬಿಳಿ ಬಣ್ಣದ ನಾಲ್ಕು ಅಂಕಿ.

"ಬಾಯಮ್ಮ, ಇದು ಯಾವ ಬೋಟು?"

"ಇರಾನ್-ಇರಾಕ್ ಯುದ್ಧದ ಕಾಲದ್ದು. ಸಮುದ್ರದಲ್ಲಿ ನಿಂತ ಹಡಗುಗಳಿಗೆ ನೀರು, ರೇಷನ್ ಕೊಂಡುಹೋಗ್ತಿತ್ತಂತೆ. ಮೈನ್ ತಾಗಿತೋ, ಏನು ಬಿತ್ತೋ, ಎಕ್ಸಾಕ್ಟ್ಲಿ ಯಾರಿಗೂ ಗೊತ್ತಿಲ್ಲ."

ಮಾರನೇ ದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೇ ಫೋಟೋ ತಂದರು. ಬೋಟಿನ ಮೂತಿಗೆ ಒರಗಿ ನಗುತ್ತಿರುವ, ಏಪ್ರನ್ ಕಟ್ಟಿದ ಒಬ್ಬ ಹುಡುಗ. ಅವನ ಭುಜದ ಪಕ್ಕ ಅದೇ ನಾಲ್ಕು ಅಂಕಿ. ಅವರ ಅಣ್ಣ. ಬೋಟಿನಲ್ಲಿ ಭಂಡಾರಿ, ಅಡಿಗೆಯವನು. ಸುದ್ದಿ ಬಂದಾಗ ಇವರಿಗೆ ಹದಿನೆಂಟು ವರ್ಷ. ದೇಹ ಸಿಗಲಿಲ್ಲ, ಯಾವ ಜಾಗ ಎಂದೂ ಯಾರೂ ಹೇಳಲಿಲ್ಲ.

"ಎಲ್ಲರಿಗೂ ಒಂದು ಕಬರ್, ಒಂದು ಗೋರಿ ಉಂಟು ಬಾಯಮ್ಮ. ಹೋಗಿ ನಿಂತು ಎರಡು ಮಾತು ಓದಿ ಬರ್ಲಿಕ್ಕೆ. ಇವನಿಗೆ ಮಾಫಿ, ಅದೊಂದು ಇಲ್ಲ. ಮೂವತ್ತು ವರ್ಷದಿಂದ ನಾನು ಇದೇ ಊರಲ್ಲಿ ನೀರು ಮಾರ್ತಾ ಇದ್ದೇನೆ, ಇವ ಇಲ್ಲೇ ಇದ್ದಾನೆಂದು ಗೊತ್ತಿರ್ಲಿಲ್ಲ."

ಹಾಗೆ ಅವರು ಡೈವಿಂಗ್ ಕಲಿತರು. ನಾಲ್ಕು ತಿಂಗಳು, ಅಂಗಡಿ ಮುಚ್ಚುವ ಮಧ್ಯಾಹ್ನಗಳಲ್ಲಿ, ಮೊದಲು ಪೂಲಿನಲ್ಲಿ, ಆಮೇಲೆ ದಡದ ಹತ್ತಿರ. ನೀರಿನಡಿ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳುವ ಪಾಠ ಒಂದಕ್ಕೇ ಮೂರು ವಾರ. ಅದಾಗಲೇ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿತ್ತು. ಮುಂದಿನ ತಿಂಗಳು ವೀಸಾ ಕ್ಯಾನ್ಸಲ್, ಖಲಾಸ್ ಮಾಡಿಕೊಂಡು ಊರಿಗೆ. ದ್ವೀಪದ ಹತ್ತಿರ ಹೋಗಲು ಕೋಸ್ಟ್ ಗಾರ್ಡಿನ ಪರ್ಮಿಟ್ ಬೇಕು, ಹೆಸರು ಹೆಸರಾಗಿ. ಅದು ಸಿಗಲು ತಿಂಗಳುಗಟ್ಟಲೆ ಆಗುತ್ತದೆ. ಸಿಕ್ಕಿದ್ದು ಮೇ ತಿಂಗಳ ಒಂದು ಗುರುವಾರಕ್ಕೆ, ಮಧ್ಯಾಹ್ನ ಎರಡರವರೆಗೆ. ಇನ್ನೊಂದು ಸಲ ಎನ್ನುವುದು ಅವರ ಮಟ್ಟಿಗೆ ಇರಲಿಲ್ಲ.

ಅಲ್ ಖೋರಿನ ಜೆಟ್ಟಿಯಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಡೈವರುಗಳು ಐದು ಜನ: ನಮ್ಮ ಸಾಹೇಬರು, ಮತ್ತೆ ಆಫೀಸುಗಳಲ್ಲಿ ಕೆಲಸ ಮಾಡುವ ನಾಲ್ವರು ಅನುಭವಸ್ಥರು. ಅವರನ್ನು ಕರೆದುಕೊಂಡು ಇಳಿಯುವ ಲೀಡರ್ ಒಬ್ಬ ಈಜಿಪ್ಟಿನವನು, ನನ್ನನ್ನು ಮಾಮಾ, ಅಂದರೆ ಅವರ ಮಾತಿನಲ್ಲಿ ಅಮ್ಮ, ಎನ್ನುತ್ತಾನೆ. ಬೋಟ್ ನಡೆಸುವ ಸ್ರಾಂಗ್ ಕಾಸರಗೋಡಿನವರು, ಮೂರು ಭಾಷೆ ಒಟ್ಟಿಗೇ ಮಾತಾಡುವ ಮನುಷ್ಯ.

ನಾನು ಚೆಕ್‌ಲಿಸ್ಟ್ ಹಿಡಿದು ಒಬ್ಬೊಬ್ಬರ ಹತ್ತಿರ ಹೋದೆ. ಬೋಟ್ ಕುಲುಕುತ್ತಿತ್ತು. ಸಾಹೇಬರ ಬಳಿ ಬಂದಾಗ ನಿದ್ದೆ, ಕಿವಿ, ಮಾತ್ರೆ ಎಲ್ಲ ಕೇಳಿದೆ. "ನೀರು?" ಎಂದೆ. ಅವರು ಕೈಯಲ್ಲಿದ್ದ ಬಾಟಲಿ ಎತ್ತಿ ತೋರಿಸಿದರು. ನಾನು ಟಿಕ್ ಹಾಕಿದೆ.

ಇಷ್ಟೇ ನಡೆದದ್ದು. ಈ ಒಂದು ಗಳಿಗೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ.

ಎಂಟೂವರೆಗೆ ಮೊದಲನೇ ಡೈವ್, ದ್ವೀಪದ ಪೂರ್ವಕ್ಕಿರುವ ಹವಳದ ದಿಬ್ಬದಲ್ಲಿ. ಆಳ ಎಂಟೇ ಮೀಟರ್. ದೊಡ್ಡ ಡೈವಿಗೆ ಮುಂಚೆ ಎಲ್ಲರ ತೂಕ, ಉಸಿರು, ತೇಲುವಿಕೆ ಸರಿಯಿದೆಯಾ ನೋಡಲಿಕ್ಕೆ. ಐದು ಬಿಲ್ಲೆ ಕೊಟ್ಟೆ, ಲೀಡರಿನದು ಆರನೆಯದು. ಆರು ಮೊಳೆ ಖಾಲಿ. ಮೂವತ್ತೈದು ನಿಮಿಷದ ಮೇಲೆ ಆರೂ ತುಂಬಿತು. ಸಾಹೇಬರು ಏಣಿ ಹತ್ತುವಾಗ ಮಧ್ಯದಲ್ಲೇ ನಿಂತರು. ಮೀನಖಂಡ ಹಿಡಿದಿತ್ತು. ಮೇಲೆ ಬಂದು ಕೂತ ಮೇಲೆ ಹಣೆ ಒತ್ತಿಕೊಳ್ಳುತ್ತಿದ್ದರು.

"ತಲೆನೋವಾ?"

"ಸ್ವಲ್ಪ. ಬಿಸಿಲು ಅಲ್ವಾ."

ಬಿ.ಪಿ. ನೋಡಿದೆ, ಕೆಳಗಿತ್ತು. ನಾಡಿ ಓಡುತ್ತಿತ್ತು. ಕೈ ಮೇಲಿನ ಚರ್ಮ ಚಿವುಟಿ ಎತ್ತಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ನಾಲಿಗೆ ತೋರಿಸಿ ಎಂದೆ. ಒಣಗಿ ಬಿಳಿಚಿಕೊಂಡಿತ್ತು. ಇನ್ನೂ ನೀರು ಕುಡಿಯಿರಿ ಎನ್ನಲು ಅವರ ಬಾಟಲಿ ಎತ್ತಿದೆ. ಸೀಲ್ ಒಡೆದಿರಲಿಲ್ಲ.

"ಸಾಹೇಬ್ರೇ, ಇದು ಎಂತ?"

ಅವರು ಸಮುದ್ರ ನೋಡಿದರು.

"ನೋಂಬು ಹಿಡಿದಿದ್ದೇನೆ ಬಾಯಮ್ಮ."

ನೋಂಬು ಅಂದರೆ ಉಪವಾಸ. ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ಅನ್ನವಿಲ್ಲ, ನೀರೂ ಇಲ್ಲ. ರಮದಾನಿನಲ್ಲಾದರೆ ನಮ್ಮ ಸೆಂಟರಿನಲ್ಲಿ ಹಗಲು ಡೈವೇ ಇರುವುದಿಲ್ಲ. ಹಾಗಾಗಿ ಉಪವಾಸದ ಪ್ರಶ್ನೆ ನನ್ನ ಚೆಕ್‌ಲಿಸ್ಟಿನಲ್ಲಿ ಇರಲಿಲ್ಲ. ಬೇರೆ ದಿನಗಳಲ್ಲೂ ಇಷ್ಟಪಟ್ಟು ಹಿಡಿಯುವ ನೋಂಬು ಇರುತ್ತದೆಂದು, ಬ್ಯಾರಿಗಳ ನಡುವೆಯೇ ಹುಟ್ಟಿ ಬೆಳೆದ ನನಗೆ ತಿಳಿಯದ ವಿಷಯವೇ? ಹೊಳೆಯಲಿಲ್ಲ, ಅಷ್ಟೆ.

"ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೇಳಿದ್ರೆ ಬಿಡ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ನನಗೆ ಸಿಟ್ಟೂ ಬಂತು, ಮುಖ ನೋಡಿ ಅದು ಇಳಿಯಿತು ಕೂಡ. ಡೈವಿಂಗಿನಲ್ಲಿ ನೀರು ಕುಡಿಯುವುದು ಬಾಯಾರಿಕೆಯ ವಿಷಯವಲ್ಲ. ಆಳದಲ್ಲಿ ಒತ್ತಡದ ಗಾಳಿ ಉಸಿರಾಡಿದಾಗ ಅದರಲ್ಲಿನ ನೈಟ್ರೋಜನ್ ರಕ್ತಕ್ಕೆ ಸೇರುತ್ತದೆ. ಮೇಲೆ ಬರುವಾಗ ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ಆ ಕೆಲಸ ಸರಿಯಾಗುವುದಿಲ್ಲ. ಗುಳ್ಳೆ ಕಟ್ಟಿಕೊಂಡರೆ ಕೀಲುನೋವಿನಿಂದ ಹಿಡಿದು ಕೈಕಾಲು ಬೀಳುವವರೆಗೆ ಏನೂ ಆಗಬಹುದು. ಎಂಟು ಮೀಟರಿಗೆ ಪಾರಾದದ್ದು ಹದಿನೆಂಟಕ್ಕೆ ಪಾರಾಗಬೇಕೆಂದಿಲ್ಲ. ಆಸ್ಪತ್ರೆಯಲ್ಲಿದ್ದಾಗ ಅಂಥ ಒಬ್ಬನನ್ನು ನಾನು ವಾರಗಟ್ಟಲೆ ನೋಡಿಕೊಂಡಿದ್ದೆ. ಚಮಚ ಹಿಡಿಯಲು ಕಲಿಯುತ್ತಿದ್ದ.

ಲೀಡರಿಗೆ ವಿಷಯ ಹೇಳಿದೆ. ಅವನು ನಕ್ಕ.

"ಮಾಮಾ, ಈ ಬಿಸಿಲಿಗೆ ಎಲ್ಲರಿಗೂ ತಲೆ ನೋಯ್ತದೆ. ಹದಿನೆಂಟು ಮೀಟರ್, ಹದಿನೈದು ನಿಮಿಷ. ನಾನು ಅವರ ಕೈಯೇ ಬಿಡುವುದಿಲ್ಲ. ನಾಲ್ಕು ತಿಂಗಳು ಆ ಮನುಷ್ಯ ಎಷ್ಟು ಕಷ್ಟಪಟ್ಟಿದ್ದಾನೆ ನೋಡಿದ್ದೀಯಲ್ಲ?"

"ನೋಡಿದ್ದೇನೆ."

"ಮತ್ತೆ? ಹಾರ್ಟ್ ಇಲ್ವಾ ನಿನಗೆ?"

"ಉಂಟು. ಬಿಲ್ಲೆಯೂ ನನ್ನ ಹತ್ತಿರವೇ ಉಂಟು."

ಬೋಟ್ ದ್ವೀಪದ ಇನ್ನೊಂದು ಬದಿಗೆ ಹೊರಟಿತು. ದಡದಲ್ಲಿ ಯುದ್ಧಕಾಲದ ಕಾಂಕ್ರೀಟಿನ ಕಾವಲುಗೂಡು, ಅದರ ಮೇಲೆ ನೀರುಕಾಗೆಗಳ ಸಾಲು. ನಾನು ಸಾಹೇಬರನ್ನು ಟಾರ್ಪಾಲಿನ ನೆರಳಲ್ಲಿ ಮಲಗಿಸಿ, ಒದ್ದೆ ಟವಲು ಹಾಕಿ, ಪಕ್ಕದಲ್ಲಿ ಕೂತೆ. ಗಂಟೆ ಹತ್ತಾಗಿತ್ತು. ಲೆಕ್ಕ ಹಾಕಿದೆ: ಈಗ ಉಪ್ಪು-ಸಕ್ಕರೆ ನೀರು ಶುರು ಮಾಡಿದರೆ ಹನ್ನೆರಡೂವರೆಯ ಹೊತ್ತಿಗೆ ಬಿ.ಪಿ. ಮೇಲೇರಬಹುದು, ನಾಡಿ ಇಳಿಯಬಹುದು. ಆಗ ಲೀಡರ್ ಅವರೊಬ್ಬರನ್ನೇ ಕರೆದುಕೊಂಡು ಇಳಿದರೂ ಎರಡಕ್ಕೆ ಮುಂಚೆ ಅಲ್ಲಿಂದ ಹೊರಡಬಹುದು. ಕಷ್ಟ, ಆದರೆ ಪಾಸಿಬಲ್.

"ಸಾಹೇಬ್ರೇ, ಇಲ್ಲಿ ನೋಡಿ." ಚೆಕ್‌ಲಿಸ್ಟ್ ಅವರ ಮುಖದ ಮುಂದೆ ಹಿಡಿದೆ. "ನೀವು ನೀರು ಕುಡಿದಿದ್ದೀರೆಂದು ನಾನು ಬರೆದಿದ್ದೇನೆ. ನೀವು ಸುಳ್ಳು ಹೇಳ್ಲಿಲ್ಲ. ಸುಳ್ಳು ಬರೆದದ್ದು ನಾನು. ಬಾಟಲಿ ನೋಡಿದೆ, ಮನುಷ್ಯನನ್ನು ನೋಡ್ಲಿಲ್ಲ." ಅವರೆದುರೇ ಟಿಕ್ ಹೊಡೆದುಹಾಕಿ, ಪಕ್ಕದಲ್ಲಿ ನೋ ಎಂದು ಬರೆದು ಸಹಿ ಮಾಡಿದೆ. ಆ ಹಾಳೆ ಸಂಜೆ ಆಫೀಸಿಗೆ ಹೋಗುತ್ತದೆ. ನನ್ನ ವಯಸ್ಸಿನ ಬಗ್ಗೆ ಅಲ್ಲಿ ಆಗಲೇ ಮಾತು ಶುರುವಾಗಿತ್ತು. ಇರಲಿ.

"ಈಗ ಎಂತ ಮಾಡುವ ಅಂದ್ರೆ, ನೀವು ಈ ನೀರು ಕುಡಿಯಿರಿ. ಎರಡು ಗಂಟೆ ಮಲಗಿ. ಆಮೇಲೆ ನಾನೇ ನಿಮ್ಮ ಜಾಕೆಟ್ಟಿಗೆ ಬಿಲ್ಲೆ ಹಾಕ್ತೇನೆ. ಕುಡಿಯದಿದ್ರೆ ಬಿಲ್ಲೆ ಇಲ್ಲ."

ಸ್ಟಿಯರಿಂಗಿನಲ್ಲಿದ್ದ ಸ್ರಾಂಗ್ ಇತ್ತ ಬಾಗಿದರು. ಬೋಟಿನಲ್ಲಿ ಗುಟ್ಟು ಎಂಬುದಿಲ್ಲ.

"ಹಾಜಿ, ಇದು ರಮದಾನ್ ಅಲ್ಲ. ಸುನ್ನತ್ ನೋಂಬು, ಬಿಟ್ಟ್ರೆ ತಪ್ಪಿಲ್ಲ. ಇನ್ನೊಂದು ದಿನ ಹಿಡಿಯಿರಿ. ಅಲ್ಲದೆ ನೀವು ಆಗಲೇ ಎಷ್ಟು ಉಪ್ಪುನೀರು ಕುಡಿದಿದ್ದೀರೋ, ಅದು ಪಡಚ್ಚವನಿಗೇ, ನಮ್ಮನ್ನು ಸೃಷ್ಟಿಸಿದವನಿಗೇ ಗೊತ್ತು."

ಸಾಹೇಬರು ನಕ್ಕರು, ತಲೆ ಹಿಡಿದುಕೊಂಡೇ. "ಒಂದು ಹನಿ ನುಂಗಿಲ್ಲ ಮಾರಾಯ. ಅದಕ್ಕೇ ಅಷ್ಟು ಸುಸ್ತು." ಆಮೇಲೆ ನನ್ನ ಕಡೆ ತಿರುಗಿದರು. "ಕಾನೂನು ನನಗೂ ಗೊತ್ತುಂಟು ಬಾಯಮ್ಮ. ಇದು ನನ್ನ ನೋಂಬು ಅಲ್ಲ."

"ಮತ್ತೆ ಯಾರದ್ದು?"

"ಉಮ್ಮನದ್ದು. ಅಣ್ಣನ ಸುದ್ದಿ ಬಂದದ್ದು ಗುರುವಾರ. ಅವತ್ತಿನಿಂದ ಸಾಯುವವರೆಗೆ ಉಮ್ಮ ಒಂದು ಗುರುವಾರ ಬಿಡ್ಲಿಲ್ಲ. ಮಗನಿಗೆ ಕಬರ್ ಇಲ್ಲ, ನಾನು ಇಷ್ಟಾದ್ರೂ ಮಾಡ್ತೇನೆ ಅಂತ. ಆಸ್ಪತ್ರೆಯಲ್ಲಿ ಕೂಡ ಡಾಕ್ಟ್ರ ಹತ್ರ ಜಗಳ. ಅವಳು ಹೋದ ಮೇಲೆ ನಾನು ಹಿಡಿದೆ. ಪರ್ಮಿಟ್ ಗುರುವಾರಕ್ಕೇ ಬಂತು ನೋಡಿ. ಉಮ್ಮನೇ ಕಳ್ಸಿದ ಹಾಗೆ ಆಯ್ತು ನನಗೆ."

ನಾನು ಲೋಟವನ್ನು ಅವರ ಪಕ್ಕದಲ್ಲಿಟ್ಟು ಎದ್ದುಹೋದೆ. ಎದುರಿಗೆ ಕೂತರೆ ಒತ್ತಾಯವಾಗುತ್ತದೆ. ಹಲಗೆಯ ಮುಂದೆ ನಿಂತು ಅವರ ಬಿಲ್ಲೆ ಹಿಡಿದುಕೊಂಡೆ. ನಿಜ ಹೇಳಬೇಕೆಂದರೆ ಕೊಟ್ಟುಬಿಡೋಣ ಅನ್ನಿಸಿತು. ಲೀಡರ್ ಹೂಂ ಅಂದಿದ್ದಾನೆ. ಹದಿನೈದು ನಿಮಿಷ. ನೂರರಲ್ಲಿ ತೊಂಬತ್ತು ಜನಕ್ಕೆ ಏನೂ ಆಗುವುದಿಲ್ಲ. ನನ್ನ ಯಜಮಾನರ ಸಮಾಧಿಗೆ ನಾನು ಹೋಗದೆ ಮೂರು ವರ್ಷವಾಯಿತು. ಟಿಕೆಟ್ ಇದೆ, ರಜೆ ಇದೆ, ಮೊಣಕಾಲು ನೋವು ಎಂಬ ನೆಪವೂ ಇದೆ. ಹೋಗಬಹುದಾದವಳು ಹೋಗದೆ ಕೂತು, ಹೋಗಲು ನಾಲ್ಕು ತಿಂಗಳು ಒದ್ದಾಡಿದವನನ್ನು ತಡೆಯುವುದು ಯಾವ ನ್ಯಾಯ? ಆದರೆ ಚಮಚ ಹಿಡಿಯಲು ಕಲಿಯುತ್ತಿದ್ದ ಆ ಕೈ ಕಣ್ಣ ಮುಂದೆ ಬಂತು. ಬಿಲ್ಲೆಯನ್ನು ಮೊಳೆಗೆ ಹಾಕಿದೆ.

ಮುಳುಗಿದ ಬೋಟಿನ ಮೇಲೆ, ಜಾಗದ ಗುರುತಿಗೆ ಹಗ್ಗ ಕಟ್ಟಿ ಬಿಟ್ಟ ಕಿತ್ತಳೆ ಬಣ್ಣದ ಬೋಯ್ ಒಂದು ತೇಲುತ್ತಿತ್ತು. ಸ್ರಾಂಗ್ ಅದರ ಪಕ್ಕ ಲಂಗರು ಹಾಕಿದರು. ಹನ್ನೊಂದೂಕಾಲಕ್ಕೆ ಲೀಡರ್ ನಾಲ್ವರ ಜೊತೆ ತಯಾರಾಗಿ ನಿಂತ. ಸಾಹೇಬರು ಎದ್ದು ಕೂತು ನನ್ನನ್ನು ಕರೆದರು. ಲೋಟ ತುಂಬಿದ ಹಾಗೇ ಇತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

"ಉಮ್ಮನ ನೋಂಬು ಮುರಿದು ಇವನ ಮುಂದೆ ಹೋಗಿ ನಿಲ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಬಿಲ್ಲೆ ಬೇಡ ಬಾಯಮ್ಮ. ಅವರನ್ನು ಕಳ್ಸಿ."

"ಸಾಹೇಬ್ರೇ, ಇನ್ನೊಮ್ಮೆ ಯೋಚನೆ ಮಾಡಿ. ಇನ್ನೂ ಟೈಮ್ ಉಂಟು."

"ಮಾಡಿದ್ದೇನೆ. ನೀವು ಬೇಜಾರು ಮಾಡ್ಬೇಡಿ. ನೀವು ಬಿಟ್ಟಿದ್ರೆ ನಾನು ಹೋಗ್ತಿದ್ದೆ, ಅದು ಬೇರೆ."

ಐದು ಮೊಳೆ ಖಾಲಿಯಾಯಿತು. ಗುಳ್ಳೆಗಳು ಬೋಯ್ ಸುತ್ತ ಮೇಲೆ ಬಂದು ಒಡೆಯುತ್ತಿದ್ದವು. ಸಾಹೇಬರು ಡೆಕ್ಕಿನ ಮೇಲೆ ಟವಲು ಹಾಸಿ ಮಧ್ಯಾಹ್ನದ ನಮಾಜು ಮಾಡಿದರು. ಆಮೇಲೆ ನೀರಿಗೆ ಬೆನ್ನು ಹಾಕಿ ಕೂತರು. ಆ ನಲವತ್ತು ನಿಮಿಷ ನಾನು ವಾಚು ನೋಡಿದ್ದು ಹೆಚ್ಚು, ಅವರನ್ನು ನೋಡಿದ್ದು ಕಡಿಮೆ.

ಹನ್ನೆರಡಕ್ಕೆ ಐದು ಬಿಲ್ಲೆಯೂ ವಾಪಸು ಬಂತು. ಲೀಡರ್ ಮಾಸ್ಕ್ ತೆಗೆದು, ಬೋಟಿನ ಅಡಿಗೆಕೋಣೆ ಇನ್ನೂ ಇದೆ, ಒಲೆಯ ಮೇಲೆ ದೊಡ್ಡ ಡೇಗ್ಸಾ ಇದೆ ಎಂದು ಹೇಳಹೊರಟವನು ಸಾಹೇಬರ ಬೆನ್ನು ನೋಡಿ ಮಾತು ಅಲ್ಲಿಗೇ ಬಿಟ್ಟು ಸಿಲಿಂಡರ್ ಬಿಚ್ಚತೊಡಗಿದ.

ಆಗ ಸ್ರಾಂಗ್ ಮಾತಾಡಿದರು. "ಹಾಜಿ, ಇಲ್ಲಿ ಬನ್ನಿ. ಈ ಬೋಯ್ ಉಂಟಲ್ಲ, ಇದರ ಹಗ್ಗ ಎಲ್ಲಿಗೆ ಹೋಗ್ತದೆ ಗೊತ್ತುಂಟಾ? ನೇರ ಆ ಬೋಟಿನ ಮೂತಿಗೆ. ನಾನೇ ಕಟ್ಟಿಸಿದ್ದು."

ಸಾಹೇಬರು ತಿರುಗಿದರು. ಹಗ್ಗ ನೋಡಿದರು. ಆಮೇಲೆ ನನ್ನನ್ನು ನೋಡಿದರು, ಸ್ಕೂಲಿನಲ್ಲಿ ಪರ್ಮಿಷನ್ ಕೇಳುವ ಮಕ್ಕಳ ಹಾಗೆ.

ನನ್ನ ಚೆಕ್‌ಲಿಸ್ಟಿನಲ್ಲಿ ಇದಕ್ಕೆ ಕಾಲಂ ಇಲ್ಲ. ಸಿಲಿಂಡರ್ ಇಲ್ಲ, ಆಳ ಇಲ್ಲ, ಒತ್ತಡದ ಗಾಳಿ ಇಲ್ಲ. ಬಿ.ಪಿ. ಮತ್ತೆ ನೋಡಿದೆ, ನೆರಳಲ್ಲಿ ಮಲಗಿದ್ದಕ್ಕೆ ಸ್ವಲ್ಪ ಸುಧಾರಿಸಿತ್ತು. ತಲೆನೋವು ಇಳಿದಿತ್ತು. "ಲೈಫ್ ಜಾಕೆಟ್ ಹಾಕಿ. ಬೋಟಿನ ನೆರಳು ಬಿಟ್ಟು ಆಚೆ ಹೋಗುವ ಹಾಗಿಲ್ಲ. ಹತ್ತು ನಿಮಿಷ. ಒಬ್ಬರೇ ಇಳಿಯುವ ಹಾಗಿಲ್ಲ, ಜೊತೆಗೆ ಒಬ್ಬರು ಬೇಕು." ಲೀಡರಿನ ಕಡೆ ನೋಡಿದೆ.

ಅವನು ಸಿಲಿಂಡರ್ ಬಿಚ್ಚಿ ಕಾಲು ಚಾಚಿದ್ದ. "ಎರಡು ಡೈವ್ ಆಯ್ತು ನನ್ನದು. ತಡೆದವಳು ನೀನು. ನೀನೇ ಕರ್ಕೊಂಡು ಹೋಗು ಮಾಮಾ. ಡೆಕ್ ನಾನು ನೋಡ್ತೇನೆ. ಯಲ್ಲಾ!"

"ಸಿಸ್ಟರ್ ನೀರಿಗಾ?" ಎಂದರು ಸ್ರಾಂಗ್. "ನಿಮಗೊಬ್ಬರಿಗೇ ಜಾಕೆಟ್ ಎರಡು ಕೊಡ್ಬೇಕಾ?"

"ಒಂದು ಸಾಕು. ಬಾಯಿ ಮುಚ್ಚಿಕೊಂಡು ಏಣಿ ಹಿಡಿಯಿರಿ."

ಬೋಟಿನ ಮೇಲೆ ಮೂರು ವರ್ಷ ಕೆಲಸ ಮಾಡಿದರೂ ನಾನು ನೀರಿಗಿಳಿದದ್ದಿಲ್ಲ. ಸಲ್ವಾರಿನಲ್ಲೇ ಇಳಿದೆ. ಮೊಣಕಾಲು ಒಂದೊಂದು ಮೆಟ್ಟಿಲಿಗೂ ಮಾತಾಡಿತು. ನೀರು ಉಗುರುಬೆಚ್ಚಗಿತ್ತು. ಸಾಹೇಬರು ಕೈ ಕೊಟ್ಟರು, ನಾನು ಅವರನ್ನು ಕಾಯುವುದೋ ಅವರು ನನ್ನನ್ನೋ ಗೊತ್ತಾಗದ ಹಾಗೆ ಇಬ್ಬರೂ ಬೋಯ್ ತನಕ ಹೋದೆವು. ಹಗ್ಗ ನನ್ನ ಮಣಿಕಟ್ಟಿನಷ್ಟು ದಪ್ಪ, ಪಾಚಿ ಹಿಡಿದಿತ್ತು. ಅವರು ಮಾಸ್ಕ್ ಹಾಕಿದ ಮುಖವನ್ನು ನೀರಿಗೆ ಅದ್ದಿ ತುಂಬ ಹೊತ್ತು ನೋಡಿದರು. ನಾನೂ ನೋಡಿದೆ. ಬೋಟ್ ಕಾಣುವುದಿಲ್ಲ. ಹಗ್ಗ ಕೆಳಗೆ ಹೋಗುತ್ತದೆ, ಹೋಗುತ್ತದೆ, ಆಮೇಲೆ ಹಸಿರು.

ಮುಖ ಎತ್ತಿ ಅವರು ಓದಲು ಶುರು ಮಾಡಿದರು, ಅರಬ್ಬಿಯಲ್ಲಿ, ಸಣ್ಣ ದನಿಯಲ್ಲಿ. ಅಲೆ ಬಂದಾಗ ನಿಲ್ಲಿಸಿ, ಹೋದ ಮೇಲೆ ಅಲ್ಲಿಂದಲೇ ಮುಂದುವರಿಸಿದರು. ಓದಿ ಮುಗಿದ ಮೇಲೆ ಬ್ಯಾರಿಯಲ್ಲಿ ಮಾತಾಡಿದರು. ನನಗೆ ಅರ್ಧ ಅರ್ಥವಾಯಿತು. ಉಮ್ಮ ಹೋದದ್ದು, ತಂಗಿಯರ ಮದುವೆ, ಮನೆಗೆ ಹಂಚು ತೆಗೆದು ತಾರಸಿ ಹಾಕಿದ್ದು. ಊರಿನಿಂದ ಬಂದವರು ಒಂದೇ ಉಸಿರಿಗೆ ಹೇಳುವಂಥ ಸುದ್ದಿ. ಒಂದು ಮಾತಿಗೆ ಅವರೇ ನಕ್ಕರು. ಏನೆಂದು ನಾನು ಕೇಳಲಿಲ್ಲ.

ಮೇಲಿನಿಂದ ಲೀಡರ್ ವಾಚು ತೋರಿಸಿದ. ಹತ್ತು ನಿಮಿಷ ಆಗಿ, ಮೇಲೆ ಮೂರು ನಿಮಿಷವೂ ಆಗಿತ್ತು. ನಾನು ಇನ್ನೂ ಎರಡು ಎಂದು ಬೆರಳು ತೋರಿಸಿದೆ.

"ನಮ್ಮಲ್ಲಿ ಮಣ್ಣು ಮಾಡುವಾಗ ಪ್ರತಿಯೊಬ್ಬರೂ ಮೂರು ಹಿಡಿ ಮಣ್ಣು ಹಾಕ್ಬೇಕು ಬಾಯಮ್ಮ," ಎಂದರು ಸಾಹೇಬರು. "ಇವನಿಗೆ ನನ್ನದು ಬಾಕಿ ಉಳಿದಿತ್ತು."

ಎಡಗೈಯಲ್ಲಿ ಹಗ್ಗ ಹಿಡಿದು, ಬಲಗೈಯಲ್ಲಿ ಒಂದು ಹಿಡಿ ನೀರು ಎತ್ತಿ ಹಗ್ಗದ ಪಕ್ಕದಲ್ಲಿ ಬಿಟ್ಟರು. ಮತ್ತೊಂದು. ಮತ್ತೊಂದು. ಆಮೇಲೆ ಸ್ವಲ್ಪ ಸರಿದು ನನಗೆ ಜಾಗ ಮಾಡಿಕೊಟ್ಟರು.

"ನೀವೂ ಹಾಕಿ."

"ನಮ್ಮಲ್ಲಿ ಒಂದೇ ಹಿಡಿ ಸಾಹೇಬ್ರೇ."

"ಒಂದೇ ಹಾಕಿ."

ಹಾಕಿದೆ.